ಲೈನ್‌ಮನ್ ಗುತ್ಯಪ್ಪನ ಊರಿಗೆ ಸೋಲಾರು ಬಂದದ್ದು

ಗುತ್ಯಪ್ಪ ಮೂವತ್ತಮೂರು ವರ್ಷ ಕರೆಂಟಿನ ಕಂಬ ಹತ್ತಿದವನು. ತಾಳಗುಪ್ಪದ ರೈಲ್ವೆ ಸ್ಟೇಷನ್ನಿನಿಂದ ಹಿಡಿದು ಮಾಸ್ತಿಕಟ್ಟೆಯ ಕಾಡಿನವರೆಗೆ, ಅತ್ತ ತೀರ್ಥಹಳ್ಳಿ ಪೇಟೆಯ ಆಚೆಗೂ, ಅವನ ಕೈ ತಾಗದ ತಂತಿ ಕಡಿಮೆ. ಕೊನೆಯ ಆರು ವರ್ಷ ಹೊಸನಗರದ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಬ್ಯಾಟರಿ ರೂಮಿನ ಉಸ್ತುವಾರಿ ನೋಡಿಕೊಂಡು ನಿವೃತ್ತನಾದ. ಮೊದಲ ಸಲ ಬಲ್ಬು ಹತ್ತಿದ ದಿನ ಎಷ್ಟೋ ಊರಿನವರು ಅವನಿಗೆ ಪಾಯಸ ಬಡಿಸಿದ್ದಾರೆ. ಪಾಯಸ ಉಂಡು ರಜೆಗೆಂದು ಅವನು ಹೊರಡುತ್ತಿದ್ದದ್ದು ಮಾತ್ರ ಚಿಮಣಿ ಬುಡ್ಡಿಯ ಊರಿಗೆ. ಅವನ ಸ್ವಂತ ಊರು ನೇರಲಕೊಡ್ಲಿನಲ್ಲಿ ಒಂದು ಕಂಬವೂ ಇರಲಿಲ್ಲ.

ನೇರಲಕೊಡ್ಲು ಅಂದರೆ ತುಮರಿಯಿಂದ ಮುಂದೆ, ಶರಾವತಿ ಹಿನ್ನೀರಿನ ದಂಡೆಯ ಗುಡ್ಡದ ಮೇಲೆ ಒಂಬತ್ತು ಮನೆ. ಅಣೆಕಟ್ಟಿನ ನೀರು ಏರಿ ಗದ್ದೆ ಮುಳುಗಿದಾಗ ಗುತ್ಯಪ್ಪನ ಅಪ್ಪನೂ ಅವನ ಓರಗೆಯವರೂ ಸಾಮಾನು ಹೊತ್ತು ಗುಡ್ಡ ಹತ್ತಿ ಕೂತ ಜಾಗ ಅದು. ಅವರ ಗದ್ದೆಯ ಮೇಲೆ ನಿಂತ ನೀರಿನಿಂದ ಕರೆಂಟು ಹುಟ್ಟಿತು. ಹುಟ್ಟಿದ್ದು ಇವರ ಕಡೆ ತಿರುಗಿಯೂ ನೋಡದೆ ದೊಡ್ಡ ತಂತಿ ಹಿಡಿದು ಬೆಂಗಳೂರಿಗೆ ಹೋಯಿತು. ಕೊನೆಯ ಕಂಬಕ್ಕೂ ಊರಿಗೂ ನಡುವೆ ಮೂರು ಕಿಲೋಮೀಟರ್ ಅಭಯಾರಣ್ಯ. ಕಂಬ ನೆಡಲು ಕಾಡಿನವರ ಅನುಮತಿ ಬೇಕು ಎಂದು ಕರೆಂಟಿನವರು ಹೇಳಿದರು. ಕರೆಂಟಿನವರು ಮೊದಲು ಕೇಳಲಿ ಎಂದು ಕಾಡಿನವರು ಹೇಳಿದರು. ಎರಡು ಆಫೀಸುಗಳು ಒಂದರ ಬೆನ್ನಿಗೆ ಇನ್ನೊಂದು ಅಡಗಿ ಕೂತು ಮೂವತ್ತು ವರ್ಷ ಕಳೆದವು. ಗುತ್ಯಪ್ಪ ಬರೆದ ಅರ್ಜಿಗಳೇ ಒಂದು ಟ್ರಂಕಿನಷ್ಟಾದವು.

ಆದರೂ ನಿವೃತ್ತನಾದ ಮೇಲೆ ಅವನು ಊರಲ್ಲೇ ಮನೆ ಕಟ್ಟಿಸಿದ. ಕಟ್ಟಿಸುವಾಗಲೇ ಗೋಡೆಯೊಳಗೆ ಪೈಪು ಕೂರಿಸಿ ವೈರು ಎಳೆದ. ಕೋಣೆಗೊಂದು ಸ್ವಿಚ್ ಬೋರ್ಡು, ಜಗಲಿಯಲ್ಲಿ ಫ್ಯಾನಿನ ಕೊಕ್ಕೆ, ಹೊರಗೋಡೆಗೆ ಮೀಟರಿನ ಹಲಗೆ, ಎಲ್ಲವೂ ಕಾನೂನಿನ ಪ್ರಕಾರ. ಲೈನು ಬಂದ ದಿನ ಎರಡು ತುದಿ ಸೇರಿಸಿದರೆ ಮುಗಿಯಿತು. ಅವನ ಹೆಂಡತಿ ಪುಷ್ಪಮ್ಮ ಮಾತ್ರ ಆ ಸ್ವಿಚ್ಚುಗಳ ಮೇಲೆ ಕೂತ ಧೂಳು ಒರೆಸುವಾಗಲೆಲ್ಲ, ಇದೂ ಒಂದು ಕೆಲಸ ಕೊಟ್ಟಿರಿ ನನಗೆ ಎಂದು ಗೊಣಗುತ್ತಿದ್ದಳು.

ಇಂಥ ಊರಿಗೆ ಸುಘೋಷ ಬಂದ. ಸಾಗರದ ಕಡೆಯ ಭಟ್ಟರ ಮನೆಯ ಹುಡುಗ, ಇಂಜಿನಿಯರಿಂಗ್ ಓದಿ ಯಾವುದೋ ಸಂಸ್ಥೆಯಲ್ಲಿ ಕೆಲಸಕ್ಕಿದ್ದ. ಬೆಂಗಳೂರಿನ ಕಂಪನಿಯೊಂದು ಸಮಾಜಸೇವೆಗೆ ಎತ್ತಿಟ್ಟ ಹಣದಲ್ಲಿ, ಲೈನು ತಲುಪದ ಊರುಗಳಿಗೆ ಸೋಲಾರ್ ಕೊಡಿಸುವುದು ಆ ಸಂಸ್ಥೆಯ ಕೆಲಸ. ಊರಿನ ಹಿರಿಯ ಸೀತಾರಾಮಪ್ಪನ ಅಂಗಳದಲ್ಲಿ ಊರವರನ್ನು ಕೂರಿಸಿಕೊಂಡು ಸುಘೋಷ ಲ್ಯಾಪ್‌ಟಾಪ್ ಬಿಚ್ಚಿದ. ಈ ಒಂಬತ್ತು ಮನೆಗೆ ಲೈನು ಎಳೆದರೆ ನಲವತ್ತು ಲಕ್ಷದ ಹತ್ತಿರ ಖರ್ಚು, ಸೋಲಾರಾದರೆ ಒಂಬತ್ತು ಲಕ್ಷದಲ್ಲಿ ಆಗುತ್ತದೆ, ಆದ್ದರಿಂದ ಇಂಥ ಕಡೆ ಸೋಲಾರೇ ಕಾಸ್ಟ್ ಎಫೆಕ್ಟಿವ್ ಎಂದು ವಿವರಿಸಿದ.

ಗುತ್ಯಪ್ಪ ಎಲೆ ಅಡಿಕೆ ಉಗಿದು ಬಂದು ಬಾಯಿ ಒರೆಸಿಕೊಂಡ.

“ಇಂಜಿನಿಯರ್ರೇ, ನಮ್ಮ ಗದ್ದೆ ಮುಳುಗಿಸುವಾಗ ಈ ಲೆಕ್ಕ ಯಾರೂ ಹಾಕ್ಲಿಲ್ವಲ್ಲ. ಆಗ ಕಾಸ್ಟ್ ಎಷ್ಟು, ಎಫೆಕ್ಟಿವ್ ಎಷ್ಟು ಅಂತ ಕೇಳೋಕೆ ಒಬ್ಬರೂ ಹೊಳೆ ದಾಟಿ ಬರ್ಲಿಲ್ಲ. ಈಗ ನಮಗೆ ಕೊಡೋ ಹೊತ್ತಿಗೆ ಲೆಕ್ಕ ನೆನಪಾಯ್ತಾ?”

ಅಂಗಳದಲ್ಲಿ ನಾಲ್ಕಾರು ಜನ ನಕ್ಕರು. ಹುರುಪು ಬಂದ ಗುತ್ಯಪ್ಪ ಅಷ್ಟಕ್ಕೇ ಬಿಡಲಿಲ್ಲ. ಒಂಬತ್ತು ಲಕ್ಷದಲ್ಲಿ ಬ್ಯಾಟರಿ ಎಷ್ಟು, ಅದು ಎಷ್ಟು ವರ್ಷ ಬಾಳುತ್ತದೆ, ಸತ್ತ ಮೇಲೆ ಹೊಸದು ಹಾಕುವವರು ಯಾರು ಎಂದು ಕೇಳಿದ. ಸುಘೋಷ ಒಂದು ನಿಮಿಷ ಪರದೆ ನೋಡಿದ. ಅದು ಈ ಫಾರ್ಮಿನಲ್ಲಿ ಇಲ್ಲ ಎಂದು ಒಪ್ಪಿಕೊಂಡ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದನ್ನು ಗುತ್ಯಪ್ಪ ಗಮನಿಸಲಿಲ್ಲ. ಗೆದ್ದವನ ಹಾಗೆ ಊರವರ ಮುಖ ನೋಡುವುದರಲ್ಲಿದ್ದ.

ಆಗ ಮಾತಾಡಿದವಳು ಅವನ ಸೊಸೆ ಶ್ಯಾಮಲಾ. ಅವಳ ಗಂಡ ಮಂಜುನಾಥ ತುಮರಿಯಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ, ಅವಳು ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಸೊಸೈಟಿಯಲ್ಲಿ ಸೀಮೆಎಣ್ಣೆ ನಿಂತ ಮೇಲೆ ಹೊರಗೆ ಕೊಳ್ಳುವ ಎಣ್ಣೆ, ಮೇಣದಬತ್ತಿ, ಟಾರ್ಚಿನ ಸೆಲ್ಲು, ತುಮರಿಯ ಅಂಗಡಿಯಲ್ಲಿ ಹತ್ತು ಹತ್ತು ರೂಪಾಯಿ ಕೊಟ್ಟು ಮೊಬೈಲ್ ಚಾರ್ಜು, ಇವೆಲ್ಲ ಸೇರಿ ಮನೆಗೆ ತಿಂಗಳಿಗೆ ನಾನೂರು ಆಗುತ್ತದೆ ಎಂದು ಅವಳು ಬೆರಳು ಮಡಿಸಿ ತೋರಿಸಿದಳು. ಅಷ್ಟು ಕೊಟ್ಟೂ ಸಂಜೆ ಮೇಲೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಆ ಹಣವನ್ನೇ ಒಟ್ಟು ಮಾಡಿದರೆ ಐದನೇ ವರ್ಷಕ್ಕೆ ಹೊಸ ಬ್ಯಾಟರಿ ಬಾರದೇ ಇರುತ್ತದೆಯೇ ಎಂದು ಕೇಳಿದಳು. ಸುಘೋಷ ಗಡಿಬಿಡಿಯಲ್ಲಿ ಅದನ್ನೂ ಬರೆದುಕೊಂಡ.

“ಹಂಗಂತ ಲೈನು ಬಿಟ್ಕೊಡೋದಾ? ಲೈನು ಬಂದ್ರೆ ಈ ತಾಪತ್ರಯ ಒಂದೂ ಇಲ್ಲ” ಎಂದ ಗುತ್ಯಪ್ಪ.

“ನಿಮ್ಮ ಲೈನಿಗೆ ತಾಪತ್ರಯ ಇಲ್ಲ ನಿಜ ಮಾವ. ಬರ್ದೇ ಇರೋದಕ್ಕೆ ತಾಪತ್ರಯ ಎಲ್ಲಿಂದ ಬರ್ಬೇಕು” ಎಂದಳು ಶ್ಯಾಮಲಾ.

ಈ ಸಲ ಅಂಗಳದಲ್ಲಿ ನಕ್ಕವರು ಹೆಚ್ಚು. ಗುತ್ಯಪ್ಪ ಎದ್ದು ನಿಂತು, ಸಹಿ ಹಾಕಿದ ದಿನವೇ ಸರ್ಕಾರದ ಪುಸ್ತಕದಲ್ಲಿ ಈ ಊರಿಗೆ ಬೆಳಕಾಯಿತು ಎಂದು ಬರೆದುಬಿಡುತ್ತಾರೆ, ಆಮೇಲೆ ಕಂಬ ಕೇಳಲು ನಿಮಗೆ ಬಾಯಿ ಇರುವುದಿಲ್ಲ ಎಂದು ಎಚ್ಚರಿಸಿದ. ಅವನು ಹೇಳಿದ್ದು ನಿಜವೇ ಆಗಿತ್ತು. ಆದರೆ ಮಾತಾಡಿದರೆ ಹೀಗಳೆಯುವ ಮನುಷ್ಯ ಒಮ್ಮೊಮ್ಮೆ ನಿಜ ಹೇಳಿದರೂ ಜನ ಅದನ್ನು ಉಳಿದ ಮಾತುಗಳ ರಾಶಿಗೇ ಹಾಕುತ್ತಾರೆ. ಎಂಟು ಮನೆಯವರು ಸಹಿ ಹಾಕಿದರು.

ಗುತ್ತಿಗೆ ಹಿಡಿದವನು ಹೊಸನಗರದ ಯೋಗರಾಜ್. ಬಿಳಿ ಜೀಪು, ಕೈಗೆ ದಪ್ಪ ಕಡಗ. ಊರ ನಡುವಿನ ಬಯಲಿನಲ್ಲಿ ಹದಿನಾರು ಪ್ಯಾನೆಲ್ ನಿಲ್ಲಿಸಿ, ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿ, ಒಳಗೆ ಎಂಟು ಬ್ಯಾಟರಿ ಇಟ್ಟು, ಬಾಗಿಲಿಗೆ ಬೀಗ ಜಡಿದು ಬೀಗದ ಕೈ ಜೇಬಿಗೆ ಹಾಕಿಕೊಂಡ. ಐದು ವರ್ಷ ನಿರ್ವಹಣೆ ನಮ್ಮದೇ, ನೀವ್ಯಾರೂ ಮುಟ್ಟಬೇಡಿ, ಮುಟ್ಟಿದರೆ ಗ್ಯಾರಂಟಿ ಇಲ್ಲ ಎಂದ. ತಗಡಿನ ಶೆಡ್ಡು ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತದೆ ಎಂದು ಗುತ್ಯಪ್ಪನಿಗೆ ಗೊತ್ತಿತ್ತು. ಹೇಳಲಿಲ್ಲ. ಯೋಗರಾಜ್ ಕೇಳಲೂ ಇಲ್ಲ.

ಉದ್ಘಾಟನೆಗೆ ಕಂಪನಿಯವರು ಬಂದರು. ಒಂದು ಪ್ಯಾನೆಲ್ಲಿನಷ್ಟು ದೊಡ್ಡ ಕಪ್ಪು ಕಲ್ಲಿನ ಮೇಲೆ ಹನ್ನೊಂದು ಜನರ ಹೆಸರು ಕೆತ್ತಿಸಿದ್ದರು. ಆ ಹನ್ನೊಂದರಲ್ಲಿ ನೇರಲಕೊಡ್ಲಿನವರ ಹೆಸರು ಒಂದೂ ಇರಲಿಲ್ಲ. ಸೂರ್ಯ ನಮ್ಮೆಲ್ಲರ ತಂದೆ ಎಂದು ಒಬ್ಬರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಬಲ್ಬು ಹಚ್ಚಿ ಚಪ್ಪಾಳೆ ತಟ್ಟಿ, ಹತ್ತಿದೆಯೋ ಇಲ್ಲವೋ ಎಂದು ಕಾಣದೆ ಕೈ ಅಡ್ಡ ಹಿಡಿದು ನೋಡಿದರು. ದೂರದ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡಿದ ಗುತ್ಯಪ್ಪ, ಇಷ್ಟು ಜನ ಬಂದು ಹೋದ ಕಾರಿನ ಎಣ್ಣೆಯಲ್ಲಿ ಊರಿಗೆ ಎರಡು ವರ್ಷ ದೀಪ ಉರಿಯುತ್ತಿತ್ತು ಎಂದ.

ಆದರೆ ಸೋಲಾರು ಉರಿಯಿತು. ಅದೇ ಗುತ್ಯಪ್ಪನಿಗೆ ಕಿರಿಕಿರಿ. ಎಂಟು ಮನೆಗಳಲ್ಲಿ ಟ್ಯೂಬ್‌ಲೈಟು, ಸೀತಾರಾಮಪ್ಪನ ಮನೆಯಲ್ಲಿ ಟಿವಿ, ಮೂರು ಮನೆಗಳಲ್ಲಿ ಮಿಕ್ಸಿ. ಮಳೆಗಾಲದಲ್ಲಿ ಮಂಕಾಯಿತು, ದಿನಕ್ಕೆ ಎರಡು ತಾಸು ಮಾತ್ರ ಎಂದು ಜನ ತಾವೇ ಒಪ್ಪಂದ ಮಾಡಿಕೊಂಡರು. ಗುತ್ಯಪ್ಪ ಮಾತ್ರ ತನ್ನ ಮನೆಗೆ ಸಂಪರ್ಕ ತೆಗೆದುಕೊಳ್ಳಲಿಲ್ಲ. ಶ್ಯಾಮಲಾ ತನ್ನ ಹೊಲಿಗೆ ಮಿಷನ್ನನ್ನು ಮಂಜುನಾಥನ ಆಟೋದಲ್ಲಿ ಹೇರಿಸಿಕೊಂಡು ಹೋಗಿ ಸೀತಾರಾಮಪ್ಪನ ಜಗಲಿಯಲ್ಲಿ ಇಟ್ಟಳು. ಅದಕ್ಕೊಂದು ಮೋಟಾರು ಕೂರಿಸಿದಳು. ತುಮರಿಯ ಕಡೆಯ ಎರಡು ಶಾಲೆಗಳಿಂದ ಯೂನಿಫಾರಂ ಹೊಲಿಯುವ ಕೆಲಸ ಹಿಡಿದಳು. ಸಂಜೆ ಅಡುಗೆ ಮುಗಿಸಿ ಅತ್ತ ಹೋದರೆ ಬರುವುದು ಎರಡು ತಾಸಿನ ಮೇಲೆ. ಕೆಲವೇ ದಿನಗಳಲ್ಲಿ ಪುಷ್ಪಮ್ಮನೂ ಮಸಾಲೆ ರುಬ್ಬುವ ನೆಪ ಮಾಡಿ ಅವಳ ಹಿಂದೆ ಹೊರಟಳು. ಊರಿನಲ್ಲಿ ಪೂರ್ತಿ ವೈರಿಂಗ್ ಆದ ಒಂದೇ ಮನೆಯಲ್ಲಿ ಗುತ್ಯಪ್ಪ ಒಬ್ಬನೇ ಚಿಮಣಿ ಬುಡ್ಡಿಯ ಮುಂದೆ ಕೂತಿರುತ್ತಿದ್ದ.

ಎರಡನೇ ಬೇಸಿಗೆ ಬಂತು. ಗುತ್ಯಪ್ಪ ದಿನಾ ಬೆಳಿಗ್ಗೆ ಹಿನ್ನೀರಿನ ಕಡೆ ಹೋಗಿ ಬರುವಾಗ ಶೆಡ್ಡಿನ ಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದ. ಆರು ವರ್ಷ ಬ್ಯಾಟರಿ ರೂಮು ನೋಡಿಕೊಂಡವನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎಂಟು ಬ್ಯಾಟರಿಯ ನೆತ್ತಿಯ ಮೇಲೆ ನಲವತ್ತೆಂಟು ಸಣ್ಣ ಬಿರಡೆ. ಪ್ರತಿ ಬಿರಡೆಯೊಳಗೆ ನೀರಿನ ಮಟ್ಟ ತೋರಿಸುವ ಕಡ್ಡಿ. ನೀರಿದ್ದರೆ ಕಡ್ಡಿ ಮೇಲಿರುತ್ತದೆ, ಇಳಿದರೆ ಕೆಂಪು ಗೆರೆ ಮುಳುಗುತ್ತದೆ. ಫೆಬ್ರವರಿಯಲ್ಲಿ ಕಡ್ಡಿಗಳು ಅರ್ಧಕ್ಕೆ ಬಂದಿದ್ದವು. ಮಾರ್ಚಿನಲ್ಲಿ ಹನ್ನೆರಡು ಗೆರೆ ಮುಳುಗಿದ್ದವು. ಏಪ್ರಿಲ್ ಹೊತ್ತಿಗೆ ಒಂದೂ ಕಾಣಲಿಲ್ಲ. ತಗಡಿನ ಕಾವಿಗೆ ಬ್ಯಾಟರಿಗಳು ಒಳಗೊಳಗೇ ಕುದಿಯುವ ಸದ್ದು ಕಿಟಕಿಗೆ ಕೇಳುತ್ತಿತ್ತು. ಯೋಗರಾಜನ ಜೀಪು ಕೊನೆಯ ಸಲ ಊರಿಗೆ ಬಂದದ್ದು ದೀಪಾವಳಿಗೆ ಮುಂಚೆ.

ಬೇಕಾಗಿದ್ದದ್ದು ಇಪ್ಪತ್ತು ಲೀಟರ್ ಡಿಸ್ಟಿಲ್ಡ್ ವಾಟರ್. ಸಾಗರದಲ್ಲಿ ನಾನೂರು ರೂಪಾಯಿಗೆ ಸಿಗುತ್ತಿತ್ತು. ಬೀಗ ಒಡೆಯುವುದೂ ಬೇಡ, ಊರವರಿಗೆ ಒಂದು ಮಾತು, ಯೋಗರಾಜನಿಗೆ ಒಂದು ಫೋನು ಸಾಕಿತ್ತು. ಗುತ್ಯಪ್ಪ ಕಿಟಕಿಯ ಹತ್ತಿರ ನಿಂತು ಅದನ್ನೆಲ್ಲ ಯೋಚಿಸಿದ. ಯೋಚಿಸಿಯೇ ಸುಮ್ಮನಾದ. ಅವನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಇದು ಜೀವದಿಂದ ಇರುವಷ್ಟು ದಿನ ಲೈನು ಬರುವುದಿಲ್ಲ. ಇದು ಸತ್ತರೆ, ಸೋಲಾರು ಇಲ್ಲಿ ನಡೆಯುವುದಿಲ್ಲ ಎಂದು ಬರೆದು ಫೈಲು ಮತ್ತೆ ತೆಗೆಸಬಹುದು. ಊರಿನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗ ಸೊಸೆ ಅಂದು ಅಂಗಳದಲ್ಲಿ ಆಡಿದ ಮಾತೂ ನೆನಪಾಗುತ್ತಿತ್ತು. ಅದನ್ನು ಮಾತ್ರ ಅವನು ಲೆಕ್ಕಕ್ಕೆ ಸೇರಿಸಲಿಲ್ಲ.

ಮೇ ಕೊನೆಯ ವಾರ ಮೋಡ ಕಟ್ಟಿತು. ಮೂರು ದಿನ ಬಿಸಿಲಿಲ್ಲ. ನಾಲ್ಕನೇ ದಿನ ಸಂಜೆ ಎಂಟೂ ಮನೆಗಳ ದೀಪ ಒಟ್ಟಿಗೆ ಆರಿದವು, ಮತ್ತೆ ಹತ್ತಲಿಲ್ಲ. ಶ್ಯಾಮಲಾಳ ಮುಂದೆ ಕತ್ತರಿಸಿಟ್ಟ ಅರವತ್ತು ಜೊತೆ ಬಟ್ಟೆ ಇತ್ತು. ಶಾಲೆ ಶುರುವಾಗಲು ನಾಲ್ಕು ದಿನ. ಹಗಲೆಲ್ಲ ಕಾಲಿನಲ್ಲಿ ತುಳಿದು ಇಪ್ಪತ್ತೆರಡು ಜೊತೆ ಮುಗಿಸಿದಳು. ಉಳಿದದ್ದನ್ನು ಎರಡೂ ಶಾಲೆಯ ಹೆಡ್‌ಮಾಸ್ಟರು ಬೇಸರದಿಂದಲೇ ವಾಪಸು ತರಿಸಿಕೊಂಡು ಸಾಗರದ ಅಂಗಡಿಗೆ ಕೊಟ್ಟರು. ಮುಂದಿನ ವರ್ಷದ ಕೆಲಸವೂ ಅಲ್ಲಿಗೇ ಎಂದು ತಿಳಿಸಿದರು. ಪಾದ ಊದಿಕೊಂಡು ಕೂತಿದ್ದ ಸೊಸೆಗೆ ಪುಷ್ಪಮ್ಮ ಬಿಸಿನೀರು ಕಾಯಿಸಿ ಕೊಟ್ಟಳು.

ಆ ಹೊತ್ತಿಗೆ ಗುತ್ಯಪ್ಪ ಒಳಗೆ ಬಂದ.

“ಹೇಳಿರ್ಲಿಲ್ವಾ ನಾನು, ಆಟಿಕೆ ಸಾಮಾನು ಅಂತ” ಎಂದ.

ಪುಷ್ಪಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡಳು.

ಮಾರನೇ ವಾರ ಅವನು ಇಸ್ತ್ರಿ ಶರಟು ಹಾಕಿಕೊಂಡು, ಹೊಸ ಅರ್ಜಿ ಹಿಡಿದು, ಸೇತುವೆ ದಾಟಿ ಬಸ್ಸಿನಲ್ಲಿ ಸಾಗರಕ್ಕೆ ಹೋದ. ತನ್ನ ಹಳೆಯ ಇಲಾಖೆಯ ಆಫೀಸು. ಹಳಬ ಎಂದು ಕುರ್ಚಿ ಕೊಟ್ಟರು, ಟೀ ತರಿಸಿದರು. ಅವನು ಕಂಬ ಹತ್ತಲು ಶುರು ಮಾಡಿದಾಗ ಇನ್ನೂ ಹುಟ್ಟಿರದಿದ್ದ ಅಧಿಕಾರಿಯೊಬ್ಬ ಅರ್ಜಿ ಓದಿ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ನೇರಲಕೊಡ್ಲು ಇಲ್ಲಿ ಬೆಳಕಾದ ಊರು ಎಂದಿದೆ ಎಂದು ಹೇಳಿ, ಅನುಮಾನ ಬೇಡವೆಂದು ಪರದೆಯನ್ನು ಅವನ ಕಡೆ ತಿರುಗಿಸಿದ. ದೀಪ ಸತ್ತು ಹದಿನೈದು ದಿನವಾಯಿತು ಎಂದು ಗುತ್ಯಪ್ಪ ಹೇಳಿದ. ಸತ್ತದ್ದಕ್ಕೆ ಇಲ್ಲಿ ಕಾಲಂ ಇಲ್ಲ, ಆದದ್ದಕ್ಕೆ ಮಾತ್ರ ಇದೆ ಎಂದ ಅಧಿಕಾರಿ. ಊರಿಗೆ ಬಂದು ನೋಡದೆಯೇ ಯೋಗರಾಜ್ ಕಳಿಸಿದ ಗುತ್ತಿಗೆದಾರರ ವರದಿಯೂ ಅಲ್ಲಿತ್ತು. ಕೆಟ್ಟದ್ದಕ್ಕೆ ಕಾರಣ ಎಂಬ ಜಾಗದಲ್ಲಿ ಬಳಕೆದಾರರ ನಿರ್ಲಕ್ಷ್ಯ ಎಂದು ಬರೆದಿತ್ತು. ಇಷ್ಟು ಕೊಟ್ಟರೂ ಉಳಿಸಿಕೊಳ್ಳದ ಊರಿಗೆ ನಲವತ್ತು ಲಕ್ಷದ ಲೈನು ಯಾರು ಮಂಜೂರು ಮಾಡುತ್ತಾರೆ, ನೀವೇ ಹೇಳಿ ಎಂದು ಅಧಿಕಾರಿ ನಗುತ್ತಲೇ ಕೇಳಿದ.

ಗುತ್ಯಪ್ಪ ಟೀ ಲೋಟ ಹಾಗೇ ಬಿಟ್ಟು ಎದ್ದ. ಮೂವತ್ತು ವರ್ಷದಿಂದ ಯಾರಿಗಾದರೂ ಏನಾದರೂ ಚುಚ್ಚಿ ಹೇಳಿಯೇ ಎದ್ದು ಬರುತ್ತಿದ್ದ ಮನುಷ್ಯ, ಅಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟ. ಲೈನೂ ಇಲ್ಲ, ಸೋಲಾರೂ ಇಲ್ಲ. ಎರಡನ್ನೂ ಕಳೆದ ಬುದ್ಧಿವಂತ ಯಾರು ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಬೇರೆಯವರ ಹೆಸರು ಹುಡುಕಿದ. ಸಿಕ್ಕವು, ಬೇಕಾದಷ್ಟು. ಆದರೆ ಪಟ್ಟಿಯ ಕೊನೆಗೆ ಬಂದಾಗಲೆಲ್ಲ ಶೆಡ್ಡಿನ ಕಿಟಕಿ ಕಾಣುತ್ತಿತ್ತು.

ಜುಲೈಯಲ್ಲಿ ಸುಘೋಷ ಮತ್ತೆ ಬಂದ. ಕೊಟ್ಟ ಸೋಲಾರು ಎಷ್ಟು ಲಾಭದಾಯಕವಾಯಿತು ಎಂದು ವರದಿ ಬರೆಯಬೇಕಿತ್ತಂತೆ. ಯೋಗರಾಜ್ ಫೋನು ಎತ್ತದಿದ್ದರಿಂದ ಸೀತಾರಾಮಪ್ಪನ ಸಾಕ್ಷಿಯಲ್ಲಿ ಬೀಗ ಒಡೆಸಿದ. ಒಂದೊಂದೇ ಬಿರಡೆ ತಿರುಗಿಸಿ ಟಾರ್ಚು ಹಾಕಿ ನೋಡಿದ. ಒಳಗಿನ ತಟ್ಟೆಗಳು ಒಣಗಿ ಬಿಳಿಚಿಕೊಂಡಿದ್ದವು. ಯಾರಿಗಾದರೂ ಗೊತ್ತಿದ್ದು ಫೆಬ್ರವರಿಯಲ್ಲಿ ಒಂದು ಮಾತು ಹೇಳಿದ್ದರೆ ಎಂಟೂ ಉಳಿಯುತ್ತಿದ್ದವು ಎಂದು ಅವನು ತನ್ನಷ್ಟಕ್ಕೆ ಎಂಬಂತೆ ಹೇಳಿದ. ಪಾಪ, ಊರವರಿಗೆ ಹೇಗೆ ತಿಳಿಯಬೇಕು ಎಂದೂ ಸೇರಿಸಿದ.

ಬಾಗಿಲ ಬಳಿ ನಿಂತಿದ್ದ ಶ್ಯಾಮಲಾ ತಿರುಗಿ ಮಾವನನ್ನು ನೋಡಿದಳು.

“ಮಾವ, ನೀವು ದಿನಾ ಈ ಕಿಟಕಿ ಹತ್ರ ನಿಲ್ತಿದ್ರಿ.”

ಗುತ್ಯಪ್ಪ ನೆಲ ನೋಡಿದ. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅದರಲ್ಲಿ ಅವನು ಪಳಗಿದವನೇ. ಆದರೆ ಅವಳ ದನಿಯಲ್ಲಿ ಜಗಳ ಇರಲಿಲ್ಲ.

“ನಿಂತಿದ್ದೆ” ಎಂದ.

“ಗೊತ್ತಿತ್ತಾ?”

“ಗೊತ್ತಿತ್ತು. ಇದು ಹೋದ್ರೆ ಲೈನು ಬತ್ತದೆ ಅಂದ್ಕಂಡೆ.”

ಜನ ಬೈದಿದ್ದರೆ ಗುತ್ಯಪ್ಪನೂ ಬೈದು ಹಗುರಾಗುತ್ತಿದ್ದ. ಒಬ್ಬೊಬ್ಬರಾಗಿ ಹೊರಗೆ ಹೋದರು. ಅಂದಿನಿಂದ ಶ್ಯಾಮಲಾ ಅವನಿಗೆ ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಸೊಸೆಯ ಮಾತಿರಲಿ, ಮೂವತ್ತೆಂಟು ವರ್ಷ ಜೊತೆಗಿದ್ದ ಪುಷ್ಪಮ್ಮ ಕೂಡ ಒಂದೇ ಒಂದು ಸಲ ಹೇಳಿದಳು.

“ನೀವು ಊರಿಗೆಲ್ಲ ಬೆಳಕು ಕೊಟ್ಟೆ ಅಂತೀರಿ ಮಾರಾಯ್ರೆ. ನಿಮ್ಮ ಮನೆ ಹುಡುಗಿ ಕಾಲು ಊದಿಸ್ಕಂಡು ಹೊಲಿತಾ ಇದ್ಲು, ನೀವು ಕಡ್ಡಿ ಮುಳುಗೋದು ನೋಡ್ತಾ ಇದ್ರಿ.”

ಗುತ್ಯಪ್ಪ ಒಂದು ವಾರ ಮನೆಯಿಂದ ಹೊರಗೆ ಬೀಳಲಿಲ್ಲ. ಎಂಟನೇ ದಿನ ಹೊಸನಗರಕ್ಕೆ ಹೊರಟ.

ಯೋಗರಾಜನ ಅಂಗಡಿಯಲ್ಲಿ ಏಸಿ ಇತ್ತು, ಗೋಡೆಗೆ ನೇರಲಕೊಡ್ಲಿನ ಉದ್ಘಾಟನೆಯ ಫೋಟೋ ಇತ್ತು. ಕೂರಿಸಿ ಮಾತಾಡಿದ. ಬ್ಯಾಟರಿಗೆ ಐದು ವರ್ಷದ ಗ್ಯಾರಂಟಿ ಇದೆ ನಿಜ, ಆದರೆ ನೀರು ಹಾಕದೆ ಒಣಗಿಸಿದರೆ ಅದು ಸಲ್ಲುವುದಿಲ್ಲ ಎಂದ. ನೀರು ಹಾಕಬೇಕಾದವನು ಬೀಗದ ಕೈ ಇಟ್ಟುಕೊಂಡವನಲ್ಲವೇ ಎಂದು ಗುತ್ಯಪ್ಪ ಕೇಳಿದ. ಯೋಗರಾಜ್ ಕಡಗ ಸರಿಮಾಡಿಕೊಂಡು ನಕ್ಕ. ಒಂದು ದಾರಿ ಇದೆ, ಬೀಗದ ಕೈ ಮೊದಲಿನಿಂದಲೂ ಊರವರ ಹತ್ತಿರವೇ ಇತ್ತು ಎಂದು ಒಂದು ಕಾಗದ ಬರೆದುಕೊಡಿ, ನಾನು ಅರ್ಧ ಬೆಲೆಗೆ ಹೊಸ ಬ್ಯಾಟರಿ ಕೊಡಿಸುತ್ತೇನೆ, ನೀವು ಇಲಾಖೆಯವರು, ನಿಮ್ಮ ಸಹಿಗೆ ತೂಕ ಇದೆ ಎಂದ.

ಆ ಕ್ಷಣ ಗುತ್ಯಪ್ಪನಿಗೆ ತನ್ನ ಹಳೆಯ ನಾಲಿಗೆ ವಾಪಸು ಬಂತು.

“ಯೋಗರಾಜ, ನಾನೂ ಕಳ್ಳನೇ. ಆದ್ರೆ ನಾನು ಬಾಯಿ ಮುಚ್ಕಂಡು ಕದ್ದವನು, ನೀನು ರಶೀದಿ ಕೊಟ್ಟು ಕದ್ದವನು. ನನ್ನ ಸಹಿಗೆ ತೂಕ ಇದೆ ಅಂತೀಯಲ್ಲ, ಎಲ್ಲಿ ಇಡ್ತೀನಿ ನೋಡು.”

ಅಲ್ಲಿಂದ ನೇರ ಸಾಗರಕ್ಕೆ ಬಸ್ಸು ಹತ್ತಿ ಸುಘೋಷನ ಆಫೀಸಿಗೆ ಹೋದ. ಬಿಳಿ ಹಾಳೆ ಕೇಳಿ ಇಸಿದುಕೊಂಡು ಕನ್ನಡದಲ್ಲಿ ಒಂದೂವರೆ ಪುಟ ಬರೆದ. ಬೀಗದ ಕೈ ಯಾರ ಬಳಿ ಇತ್ತು, ಜೀಪು ಕೊನೆಗೆ ಬಂದದ್ದು ಯಾವಾಗ, ಶೆಡ್ಡು ಹೇಗೆ ಕಾಯುತ್ತಿತ್ತು, ಯಾವ ತಿಂಗಳು ಎಷ್ಟು ಗೆರೆ ಮುಳುಗಿದ್ದವು ಎಂದು ಇಲಾಖೆಯ ದಿನಚರಿ ಬರೆಯುವ ಹಾಗೆ ಬರೆದ. ಕೊನೆಯ ಸಾಲಿನಲ್ಲಿ, ಇದನ್ನೆಲ್ಲ ಬಲ್ಲ ನಾನು ನೋಡಿಯೂ ಯಾರಿಗೂ ತಿಳಿಸಲಿಲ್ಲ, ಆ ತಪ್ಪು ನನ್ನದು, ಊರವರದ್ದಲ್ಲ ಎಂದು ಬರೆದು, ನಿವೃತ್ತ ಲೈನ್‌ಮನ್ ಎಂದು ಸಹಿ ಹಾಕಿದ. ಸುಘೋಷ ಎರಡು ಸಲ ಓದಿದ. ಇಷ್ಟು ವರದಿಗಳಲ್ಲಿ ತಪ್ಪು ನನ್ನದು ಎಂಬ ಸಾಲನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದ. ಹೊಗಳಿಕೆ ಎಂದುಕೊಂಡು ಹೇಳಿದ್ದು, ಗುತ್ಯಪ್ಪನಿಗೆ ಅದು ಚೂರೂ ಹಿತವಾಗಲಿಲ್ಲ.

“ಹೊಗಳೋದು ಬೇಡ. ನಿಮ್ಮ ಲೆಕ್ಕದಲ್ಲಿ ನೀರು ಹಾಕೋ ಮನುಷ್ಯಂದು ಒಂದು ಸಾಲು ಸೇರ್ಸಿ. ಅದಿಲ್ದೆ ಒಂಬತ್ತು ಲಕ್ಷ ಅಂದ್ರೂ ಸುಳ್ಳೇ, ತೊಂಬತ್ತು ಅಂದ್ರೂ ಸುಳ್ಳೇ” ಎಂದ.

ಆ ಕಾಗದ ಬೆಂಗಳೂರಿಗೆ ಹೋಯಿತು. ಕಂಪನಿಯವರಿಗೆ ನೇರಲಕೊಡ್ಲಿನ ಮೇಲೆ ಕರುಣೆ ಬಂತೆಂದಲ್ಲ, ಕಲ್ಲಿನ ಮೇಲೆ ತಮ್ಮ ಹೆಸರಿದೆ, ಕಾಗದದಲ್ಲಿ ತಾರೀಖುಗಳಿವೆ ಎಂದು ಹೆದರಿಕೆ ಬಂತು. ಯೋಗರಾಜನ ಕೊನೆಯ ಕಂತು ತಡೆದು, ಆ ಹಣದಲ್ಲಿ ಐದು ಬ್ಯಾಟರಿ ಕಳಿಸಿದರು. ಉಳಿದ ಮೂರಕ್ಕೆ ಗುತ್ಯಪ್ಪ ತನ್ನ ಪಿಂಚಣಿಯಿಂದ ಕೊಟ್ಟ. ಯಾರೂ ಬೇಡ ಎನ್ನಲಿಲ್ಲ, ಯಾರೂ ದೊಡ್ಡ ಮನಸ್ಸು ಎಂದೂ ಹೇಳಲಿಲ್ಲ. ಸೀತಾರಾಮಪ್ಪ ಊರವರನ್ನು ಕೂರಿಸಿ, ಮನೆಗೆ ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಡಬೇಕು, ಅದರ ಜವಾಬ್ದಾರಿ ಶ್ಯಾಮಲಾಳದ್ದು, ಹೊಸ ಬೀಗದ ಕೈ ಇನ್ನು ಹೊಸನಗರಕ್ಕೆ ಹೋಗಕೂಡದು ಎಂದು ತೀರ್ಮಾನ ಮಾಡಿಸಿದ. ಆ ಬೀಗದ ಕೈಯನ್ನು ಗುತ್ಯಪ್ಪನಿಗೆ ಕೊಡುವುದೋ ಬೇಡವೋ ಎಂದು ಅವನ ಎದುರಿಗೇ ಚರ್ಚೆಯಾಯಿತು. ಅವನು ತಲೆ ತಗ್ಗಿಸಿ ಕೂತು ಕೇಳಿಸಿಕೊಂಡ. ಕೊನೆಗೆ ಬೇರೆ ಯಾರಿಗೂ ಆ ಕೆಲಸ ಬಾರದು ಎಂಬ ಒಂದೇ ಕಾರಣಕ್ಕೆ ಕೊಟ್ಟರು. ಜೊತೆಗೆ, ಅವನೊಬ್ಬನೇ ಶೆಡ್ಡಿನ ಒಳಗೆ ಹೋಗಬಾರದು, ಶ್ಯಾಮಲಾ ನಿಂತು ಬರೆದುಕೊಳ್ಳಬೇಕು ಎಂದೂ ಆಯಿತು.

ಗುತ್ಯಪ್ಪ ಮೊದಲು ತಗಡು ತೆಗೆಸಿ ಹುಲ್ಲು ಹೊದಿಸಿದ. ಕಿಟಕಿ ದೊಡ್ಡದು ಮಾಡಿಸಿದ. ತನ್ನ ಮನೆಗೂ ಸಂಪರ್ಕ ಎಳೆದುಕೊಂಡ. ಮಿಷನ್ನನ್ನು ಮನೆಗೆ ತರಿಸಲೇ ಎಂದು ಪುಷ್ಪಮ್ಮನ ಮೂಲಕ ಕೇಳಿಸಿದ. ಅಲ್ಲೇ ಗಾಳಿ ಚೆನ್ನಾಗಿದೆ, ಅಲ್ಲೇ ಇರಲಿ ಎಂಬ ಉತ್ತರ ಬಂತು. ಯೂನಿಫಾರಂ ಕೆಲಸ ವಾಪಸು ಬರಲಿಲ್ಲ. ಶ್ಯಾಮಲಾ ರವಿಕೆ, ಲಂಗ, ಹರಿದ ಚೀಲ, ಸಿಕ್ಕಿದ್ದನ್ನು ಹೊಲಿಯುತ್ತಿದ್ದಳು.

ಅವನ ನಾಲಿಗೆ ಮಾತ್ರ ಪೂರ್ತಿ ಬದಲಾಗಲಿಲ್ಲ. ಹಿನ್ನೀರಿನ ಆಚೆ ದಡದ ಇನ್ನೊಂದು ಊರಿಗೆ ಸೋಲಾರು ಬರುತ್ತದೆಂದು ಅಲ್ಲಿನವರು ವಿಚಾರಿಸಲು ಬಂದಾಗ, ಕೊಡುವವರು ಲೆಕ್ಕ ತೋರಿಸುವಾಗ ಅವರ ಮುಖ ನೋಡಬೇಡಿ, ಬ್ಯಾಟರಿಯ ಮುಖ ನೋಡಿ ಎಂದ. ಇವರು ಅಣೆಕಟ್ಟಿನ ಬುಡದವರಿಗೆ ಬಿಸಿಲು ದಾನ ಕೊಡುವ ಧರ್ಮಾತ್ಮರು, ನಾಚಿಕೆ ಅವರಿಗಿಲ್ಲ, ನೀವೂ ನಾಚಿಕೊಳ್ಳದೆ ತಗೊಳ್ಳಿ ಎಂದ. ಲೈನಿನ ಅರ್ಜಿಯನ್ನೂ ಪ್ರತಿ ವರ್ಷ ಹಾಕುತ್ತಲೇ ಇದ್ದ.

ಪ್ರತಿ ಶನಿವಾರ ಬೆಳಿಗ್ಗೆ ಮಾವ ಸೊಸೆ ಇಬ್ಬರೂ ಶೆಡ್ಡಿಗೆ ಹೋಗುತ್ತಾರೆ. ಅವನು ಒಂದೊಂದೇ ಬಿರಡೆ ಬಿಚ್ಚಿ, ಗಾಜಿನ ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು, ಕಣ್ಣಿನ ಮಟ್ಟಕ್ಕೆ ಎತ್ತಿ ಅದರ ಸಾಂದ್ರತೆಯ ಅಂಕಿ ಓದುತ್ತಾನೆ. ಅವಳು ಬಾಗಿಲ ಬೆಳಕಿನಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ.

“ಹನ್ನೆರಡು ನಲವತ್ತು.”

“ಮುಂದಿನದು.”

“ಹನ್ನೆರಡು ಎಪ್ಪತ್ತು. ಇದಕ್ಕೆ ಸ್ವಲ್ಪ ನೀರು ಬೇಕು.”

“ಹಾಕಿ.”

ಅವನು ನೀರು ಹಾಕುತ್ತಾನೆ. ನಲವತ್ತೆಂಟು ಮುಗಿಯುವಷ್ಟು ಹೊತ್ತು ಅವರ ನಡುವೆ ಇಷ್ಟೇ ಮಾತು. ವಾರದ ಉಳಿದ ದಿನಗಳಲ್ಲಿ ಇಷ್ಟೂ ಇರುವುದಿಲ್ಲವಾದ್ದರಿಂದ ಗುತ್ಯಪ್ಪ ಅವಸರ ಮಾಡದೆ ಓದುತ್ತಾನೆ.